ಮಕ್ಕಳ ಕಾಲಯಾನದ ಕತೆ ನಮ್ಮ ಕೆರೆ ಏರಿಯಿಂದಲೂ ಹೊರಡಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಕ್ಕಳ ಬೇಸಿಗೆ ರಜೆಯ ಓದಿನ ಬಗ್ಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂದಿನ ಕಾಲದ ಹುಡುಗನೋ ಹುಡುಗಿಯೋ ಆಕಸ್ಮಿಕವಾಗಿ ಮಧ್ಯಯುಗಕ್ಕೆ ಹೋಗಿ ಬೀಳುವ, ಅಲ್ಲಿ ಪಡಬಾರದ ಪಾಡು ಪಟ್ಟು ಮರಳಿ ಬರುವ ಕಾಲಯಾನದ ಕಾದಂಬರಿಗಳನ್ನು ಲೇಖಕರು ಮೆಚ್ಚಿ ಬರೆದಿದ್ದರು. ಆ ಮೆಚ್ಚುಗೆಗೆ ನನ್ನ ಪೂರ್ಣ ಸಹಮತವಿದೆ. ಆದರೆ ಅಲ್ಲಿ ಪ್ರಸ್ತಾಪವಾದ ಪುಸ್ತಕಗಳೆಲ್ಲ ಇಂಗ್ಲಿಷಿನವು, ಇಲ್ಲವೇ ಇಂಗ್ಲಿಷಿನಿಂದ ಅನುವಾದಗೊಂಡವು. ಅವುಗಳಲ್ಲಿ ಬರುವ ಮಕ್ಕಳು ಹೋಗಿ ಇಳಿಯುವುದು ಯುರೋಪಿನ ಯಾವುದಾದರೊಂದು ಕೋಟೆಯ ಕಂದಕದ ದಡದಲ್ಲಿ. ಇಂಥದೊಂದು ಕಾದಂಬರಿ ಕನ್ನಡದಲ್ಲಿಯೇ, ನಮ್ಮ ನೆಲದಲ್ಲಿ ಸಾವಿರ ವರ್ಷಗಳ ಹಿಂದೆ ಜನ ಬಾಳಿದ ಬಗೆಯನ್ನು ಚೆನ್ನಾಗಿ ಅರಿತವರಿಂದ ಬರಬೇಕು, ಅದನ್ನು ತಮ್ಮ ಪತ್ರಿಕೆ ಧಾರಾವಾಹಿಯಾಗಿ ಪ್ರಕಟಿಸಬೇಕು ಎಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಶಾಲೆಯ ಗ್ರಂಥಾಲಯದ ಹೊಣೆಯೂ ನನ್ನದೇ.

ಹೊರಗಿನಿಂದ ಬಂದ ಪುಸ್ತಕಗಳ ಮೇಲೆ ನನಗೆ ಯಾವ ದೂರೂ ಇಲ್ಲ. ನಮ್ಮ ಶಾಲೆಯಲ್ಲಿರುವ ಅಂಥದೊಂದು ಅನುವಾದಿತ ಪುಸ್ತಕವನ್ನು ಎಂಟನೇ ತರಗತಿಯ ಮಕ್ಕಳು ಕೈಯಿಂದ ಕೈಗೆ ದಾಟಿಸಿ ಓದಿ ಓದಿ, ಈಗ ಅದರ ರಟ್ಟು ಕಿತ್ತು ಬಂದಿದೆ. ಏಳು ವರ್ಷಕ್ಕೇ ಹುಡುಗನನ್ನು ದೊಡ್ಡ ಮನೆತನದ ಕೋಟೆಗೆ ಊಳಿಗಕ್ಕೆ ಕಳಿಸುತ್ತಿದ್ದರು, ಹದಿನಾಲ್ಕಕ್ಕೆ ಅವನು ಯೋಧನೊಬ್ಬನ ಆಯುಧ ಹೊರುವವನಾಗುತ್ತಿದ್ದ, ಇಪ್ಪತ್ತೊಂದರ ಹೊತ್ತಿಗೆ ತಾನೇ ಸರದಾರನಾಗುತ್ತಿದ್ದ ಎಂಬುದು ಆ ಮಕ್ಕಳಿಗೆ ಗೊತ್ತು. 1347ರಿಂದಾಚೆಗೆ ಪ್ಲೇಗು ಯುರೋಪಿನ ಊರೂರನ್ನೇ ಬರಿದು ಮಾಡಿದ್ದು ಗೊತ್ತು. ಇದಾವುದನ್ನೂ ಅವರು ಪರೀಕ್ಷೆಗಾಗಿ ಓದಲಿಲ್ಲ. ಕತೆಯೊಳಗಿನ ಹುಡುಗನ ಜೊತೆ ಹಸಿದು, ಚಳಿಯಲ್ಲಿ ನಡುಗಿ, ಬೀಗ ಹಾಕಿದ ಕೋಣೆಯಲ್ಲಿ ಅತ್ತು ಕಲಿತರು. ಪಾಠದ ಪುಸ್ತಕದಲ್ಲಿ ಗಂಗರು, ನೊಳಂಬರು, ಚೋಳರು, ಹೊಯ್ಸಳರು ಒಬ್ಬರ ಹಿಂದೆ ಒಬ್ಬರು ಬಂದು ಹೋಗುವಾಗ ಆ ಹಸಿವೂ ಇಲ್ಲ, ಆ ಚಳಿಯೂ ಇಲ್ಲ. ಮಕ್ಕಳ ಮನಸ್ಸಿನಲ್ಲಿ ಅವರು ಹೆಸರುಗಳಾಗಿಯೇ ಉಳಿಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಹೆಸರುಗಳೂ ಉಳಿಯುವುದಿಲ್ಲ.

ಕಾಲವನ್ನು ದಾಟುವ ಕಲ್ಪನೆ ನಮ್ಮವರಿಗೆ ಹೊಸದೇನೂ ಅಲ್ಲ. ಕುಶಸ್ಥಲಿಯ ಅರಸ ಕಕುದ್ಮಿ ಮಗಳು ರೇವತಿಗೆ ವರ ಹುಡುಕಿಕೊಂಡು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿ ಸಂಗೀತ ಮುಗಿಯುವವರೆಗೆ ಒಂದಿಷ್ಟು ಹೊತ್ತು ಕಾದು ಕೂತದ್ದರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಸರಿದುಹೋಗಿದ್ದವು ಎಂದು ಭಾಗವತ ಹೇಳುತ್ತದೆ. ಗುಹೆಯಲ್ಲಿ ಯುಗಗಟ್ಟಲೆ ಮಲಗಿದ ಮುಚುಕುಂದ ಎದ್ದು ಹೊರಗೆ ಬಂದಾಗ ಮನುಷ್ಯರೂ ಮರಗಳೂ ಗಾತ್ರದಲ್ಲಿ ಕುಗ್ಗಿರುವುದನ್ನು ಕಂಡು, ಕಾಲ ಬದಲಾಗಿದೆ ಎಂದು ತಿಳಿದುಕೊಳ್ಳುತ್ತಾನೆ. ಈ ಕತೆಗಳನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಹಿಂದಕ್ಕೆ ಹೋಗುವುದು ಹೇಗೆ? ಪುರಾಣದ ಈ ಇಬ್ಬರೂ ಮುಂದಕ್ಕೆ ಹೋದವರು. ಹಿಂದಕ್ಕೆ ಹೋಗುವ ದಾರಿಯನ್ನು ನಮ್ಮ ಲೇಖಕರು ತೆರೆಯಬೇಕಾಗಿದೆ.

ಹಾಗೆ ಹೋಗಲು ಕೋಲಾರಕ್ಕಿಂತ ಒಳ್ಳೆಯ ಜಾಗ ಬೇಕೇ? ಗಂಗರು ರಾಜಧಾನಿಯನ್ನು ತಲಕಾಡಿಗೆ ಸಾಗಿಸಿದ ಮೇಲೂ ತಮ್ಮನ್ನು ಕುವಳಾಲಪುರವರೇಶ್ವರ, ನಂದಗಿರಿನಾಥ ಎಂದೇ ಕರೆದುಕೊಂಡರು. ಆ ಕುವಳಾಲವೇ ನಮ್ಮ ಕೋಲಾರ, ಆ ನಂದಗಿರಿಯೇ ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ನಂದಿಬೆಟ್ಟ. ನಮ್ಮ ತಾಲ್ಲೂಕಿನ ಆವಣಿಯಲ್ಲಿ ಹತ್ತನೇ ಶತಮಾನದ ಯತಿಯೊಬ್ಬರು ನಲವತ್ತು ವರ್ಷ ಅಲ್ಲಿನ ಧರ್ಮಸ್ಥಾನದ ಮುಖ್ಯಸ್ಥರಾಗಿದ್ದು ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದರೆಂದು ಶಾಸನವೇ ಹೇಳುತ್ತದೆ. ಪಾಲಾರ್ ನದಿಯ ಬೇತಮಂಗಲ ಬಾಣ ಅರಸರ ಕಾಲಕ್ಕೆ ವಿಜಯಾದಿತ್ಯಮಂಗಲವಾಗಿತ್ತು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ ಪೂರ್ತಿಯಾಗಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರವೂ ಅದರೊಳಗೇ ಇದೆ. ಕಾದಂಬರಿಕಾರರಿಗೆ ಸಾಮಗ್ರಿಯ ಕೊರತೆ ಇಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ರಾಜವಂಶಗಳ ವಿವರ ಎಷ್ಟಿದ್ದರೂ ಮಕ್ಕಳ ಕಾದಂಬರಿ ನಿಲ್ಲುವುದು ಅಡುಗೆಮನೆಯ ಮೇಲೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಅಪ್ಪಂದಿರು ಟೊಮೆಟೊ ಬೆಳೆಗಾರರು; ಸುಗ್ಗಿಯಲ್ಲಿ ಬೆಳಗಿನ ಜಾವಕ್ಕೇ ಎದ್ದು ಬಾಕ್ಸುಗಳನ್ನು ಟೆಂಪೋಗೆ ತುಂಬಿಸಿ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಸಾಗಿಸುತ್ತಾರೆ. ಅಂಥ ಮನೆಯ ಹುಡುಗಿಯೊಬ್ಬಳು ರಾಜೇಂದ್ರ ಚೋಳನ ಕಾಲದ, ಅಂದರೆ ಹನ್ನೊಂದನೇ ಶತಮಾನದ, ಕೋಲಾರದಲ್ಲಿ ಕಣ್ಣು ಬಿಟ್ಟಳು ಎಂದುಕೊಳ್ಳೋಣ. ಹಸಿವಾಗಿ ಯಾವುದೋ ಮನೆಯ ಜಗಲಿಯಲ್ಲಿ ಕೂರುತ್ತಾಳೆ. ಅವಳ ಮುಂದೆ ರಾಗಿ ಮುದ್ದೆ ಬರುತ್ತದೆ, ಅದು ಅವಳಿಗೆ ಗೊತ್ತು. ಅವರೆಕಾಳಿನ ಸಾರು ಬರುತ್ತದೆ, ಅದೂ ಗೊತ್ತು. ಬಾಯಿಗಿಟ್ಟರೆ ರುಚಿ ಬೇರೆ. ಖಾರ ಇದೆ, ಅದು ಕಾಳುಮೆಣಸಿನದು. ಹುಳಿ ಇದೆ, ಅದು ಹುಣಸೆಯದು. ಹಸಿಮೆಣಸಿನಕಾಯಿ ಎಂದರೆ ಆ ಮನೆಯವರಿಗೆ ಅರ್ಥವಾಗುವುದಿಲ್ಲ, ಏಕೆಂದರೆ ಪೋರ್ಚುಗೀಸರು ಬಂದ ಮೇಲೆ, ಹದಿನಾರನೇ ಶತಮಾನದಲ್ಲಿ ಅದು ಈ ದೇಶಕ್ಕೆ ಕಾಲಿಟ್ಟದ್ದು. ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಸೀಬೆಹಣ್ಣು ಎಲ್ಲವೂ ಇನ್ನೂ ಕಡಲಾಚೆಯ ಅಮೆರಿಕ ಖಂಡದಲ್ಲೇ ಇವೆ. ತನ್ನ ಅಪ್ಪನ ಬದುಕೇ ನಿಂತಿರುವ ಬೆಳೆಯ ಹೆಸರನ್ನು ಅಲ್ಲಿ ಯಾರೂ ಕೇಳಿಲ್ಲವೆಂದು ತಿಳಿದಾಗ ಆ ಹುಡುಗಿಗೆ ಏನನ್ನಿಸಬಹುದು? ಸಾವಿರ ವರ್ಷ ಎಂದರೆ ಎಷ್ಟು ದೂರ ಎಂಬುದು ಯಾವ ಇಸವಿಯಿಂದಲೂ ಮಗುವಿಗೆ ಇಷ್ಟು ಚೆನ್ನಾಗಿ ತಿಳಿಯಲಾರದು.

ಒಲೆ ಹೊತ್ತಿಸುವುದಕ್ಕೆ ಬೆಂಕಿಪೊಟ್ಟಣವಿಲ್ಲ. ಪಕ್ಕದ ಮನೆಯಿಂದ ಬೆರಣಿಯ ತುಂಡಿನ ಮೇಲೆ ಕೆಂಡ ಇಟ್ಟುಕೊಂಡು, ಊದುತ್ತಾ, ಗಾಳಿಗೆ ಕೈ ಅಡ್ಡ ಹಿಡಿದು ತರಬೇಕು. ಈ ಕೆಲಸವನ್ನು ಮನೆಯ ಮಗುವಿಗೇ ಹೇಳುತ್ತಾರೆ, ಹೊರಗಿನಿಂದ ಬಂದ ಹುಡುಗಿ ಮೊದಲ ದಿನವೇ ಕೆಂಡ ಆರಿಸಿಬಿಡುತ್ತಾಳೆ. ಇಂಥ ಸಣ್ಣ ಸಂಗತಿಗಳಲ್ಲೇ ಕಾಲಯಾನದ ಕಾದಂಬರಿಯ ಜೀವ ಇರುವುದು. ಹೊರಗೆ ನೋಡಿದರೆ ನೀಲಗಿರಿ ತೋಪುಗಳಿಲ್ಲ. ಆ ಮರಗಳು ನಂದಿಬೆಟ್ಟಕ್ಕೆ ಬಂದದ್ದು ಹದಿನೆಂಟನೇ ಶತಮಾನದ ಕೊನೆಗೆ, ಟಿಪ್ಪುವಿನ ಕಾಲದಲ್ಲಿ. ಕೊಳವೆಬಾವಿ ಇಲ್ಲ. ಸಾವಿರ ಅಡಿ ಕೊರೆದರೂ ಬರೀ ದೂಳು ಕಂಡ ಊರಿನ ಮಗು, 2018ರಿಂದೀಚೆಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಬಂದು ಕೆರೆ ತುಂಬಿದ್ದನ್ನು ಕಂಡ ಮಗು, ಮಳೆಯ ನೀರಿನಿಂದಲೇ ಕೋಡಿ ಹರಿಯುತ್ತಿರುವ ಕೆರೆಯ ಏರಿಯ ಮೇಲೆ ನಿಂತು ಏನು ನೋಡುತ್ತದೆ ಎಂಬುದನ್ನು ಬರೆಯಬಲ್ಲ ಲೇಖಕರು ನಮಗೆ ಬೇಕು.

ಮಾತಿನ ತೊಡಕೂ ಇದೆ. ಕನ್ನಡ ಅಂದು ಬೇರೆಯದೇ ನಾದದಲ್ಲಿತ್ತು. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲಂತೂ ಚೋಳರ ಕಾಲದ ತಮಿಳು ಶಾಸನಗಳಿವೆ. ಇಲ್ಲಿ ನಮ್ಮ ಗಡಿನಾಡಿನ ಮಕ್ಕಳಿಗೆ ಒಂದು ಅನುಕೂಲ ಒದಗಿಬಂದಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್. ಕಡೆಯ ನೆಂಟರಿಂದ ಒಂದಿಷ್ಟು ತಮಿಳು ಕಲಿತ ಮುಳಬಾಗಿಲಿನ ಮಗು, ಒಂದೇ ಭಾಷೆಯಲ್ಲಿ ಬೆಳೆದ ಬೇರೆ ಯಾವ ಮಗುವಿಗಿಂತಲೂ ಬೇಗ ಹನ್ನೊಂದನೇ ಶತಮಾನದ ಕೋಲಾರದಲ್ಲಿ ದಾರಿ ಕಂಡುಕೊಳ್ಳುತ್ತದೆ. ಮನೆಮಾತು ಕನ್ನಡವಲ್ಲ ಎಂಬ ಕಾರಣಕ್ಕೆ ತರಗತಿಯಲ್ಲಿ ಹಿಂಜರಿದು ಮಾತನಾಡುವ ಮಕ್ಕಳನ್ನು ದಿನವೂ ನೋಡುವ ನನಗೆ, ಅಂಥ ಮಗುವೊಂದು ಕಾದಂಬರಿಯ ನಾಯಕಿಯಾಗುವುದನ್ನು ಓದುವ ಆಸೆ ಬಹಳ ಇದೆ.

ಕಲ್ಪನೆಗೆ ರೆಕ್ಕೆ ಕೊಡುವ ಸಂಗತಿಗಳು ಶಾಸನಗಳಲ್ಲೇ ಇವೆ. ಚೋಳರ ಕಾಲದಲ್ಲಿ ಗುಡಿಯ ನಂದಾದೀಪಕ್ಕೆಂದು ಕುರಿಗಳನ್ನು ದಾನ ಕೊಡುತ್ತಿದ್ದರು, ಒಂದು ದೀಪಕ್ಕೆ ಸಾಮಾನ್ಯವಾಗಿ 96 ಕುರಿ. ಕುರುಬರು ಅವನ್ನು ಮೇಯಿಸಿ, ದಿನಕ್ಕೆ ಇಂತಿಷ್ಟು ತುಪ್ಪವನ್ನು ಗುಡಿಗೆ ಅಳೆಯಬೇಕು. ಆ ಹಿಂಡನ್ನು ತಮಿಳು ಶಾಸನಗಳು ಸಾಯದ, ಮುಪ್ಪಾಗದ ಕುರಿಗಳೆಂದು ಕರೆಯುತ್ತವೆ: ಸತ್ತವುಗಳ ಜಾಗಕ್ಕೆ ಮರಿಗಳು ಬಂದು ಲೆಕ್ಕ ಎಂದೂ ಕಡಿಮೆಯಾಗಬಾರದು ಎಂಬುದು ಅದರ ಒಪ್ಪಂದ. ಒಂದು ಮಳೆಯಿಲ್ಲದ ವರ್ಷ, ಕುರಿಗಳು ಒಂದೊಂದಾಗಿ ಸಾಯುತ್ತಿರುವಾಗ, ಕುರಿ ಕಾಯುವ ಹುಡುಗನೊಬ್ಬ ಗುಡಿಯವರಿಗೆ ಲೆಕ್ಕ ಒಪ್ಪಿಸಬೇಕಾದ ಆ ಸಂಕಟದೊಳಕ್ಕೆ ನಮ್ಮ ಕಾಲದ ಮಗುವೊಂದು ಬಂದು ಸೇರಿದರೆ ಸಾಕು, ಅರ್ಧ ಕಾದಂಬರಿ ತಾನಾಗಿ ನಡೆಯುತ್ತದೆ. ಅಲ್ಲಿ ರಾಜಕುಮಾರನ ಅಗತ್ಯವೇ ಬೀಳುವುದಿಲ್ಲ. ವೀರಗಲ್ಲುಗಳದ್ದೂ ಇದೇ ಮಾತು. ರಾತ್ರಿ ತುರು ಕದಿಯಲು ಬಂದವರನ್ನು ತಡೆದು ಸತ್ತವನು ಕೆಳಗಿನ ಪಟ್ಟಿಕೆಯಲ್ಲಿ ಹೋರಾಡುತ್ತಾನೆ, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಅವನು ಶಿವನ ಮುಂದೆ ಕೂತಿರುತ್ತಾನೆ. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಒಂದಿಷ್ಟು ಭೂಮಿ ಸಿಗುತ್ತದೆ. ಆ ಭೂಮಿಯನ್ನು ಉಳುವ ಅವನ ಹತ್ತು ವರ್ಷದ ಮಗನ ಕತೆಯನ್ನು ಯಾವ ಕಲ್ಲೂ ಹೇಳಿಲ್ಲ, ಅದನ್ನು ಹೇಳಬೇಕಾದವರು ಲೇಖಕರು. ನಾಯಿಯ ನೆನಪಿಗೂ ನಮ್ಮವರು ಕಲ್ಲು ನಿಲ್ಲಿಸಿದ್ದಾರೆ: ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ಬೇಟೆನಾಯಿಗೆ ಹತ್ತನೇ ಶತಮಾನದ ಕಲ್ಲಿದೆ. ಇದನ್ನು ಹೇಳಿದ ದಿನ ನನ್ನ ತರಗತಿಯಲ್ಲಿ ಬೇರೆ ಯಾವ ಪಾಠವೂ ನಡೆಯಲಿಲ್ಲ.

ಕಾಲಯಾನದ ಕತೆಗೆ ಒಂದು ಗಟ್ಟಿಯಾದ ಕಟ್ಟಳೆ ಬೇಕು. ಹೇಗೆ ಹೋಗುವುದು, ಎಷ್ಟು ಹೊತ್ತು ಇರುವುದು, ಯಾವುದನ್ನು ಮುಟ್ಟಬಾರದು ಎಂಬುದು ಸ್ಪಷ್ಟವಿಲ್ಲದಿದ್ದರೆ ಮಕ್ಕಳು ಎರಡನೇ ಅಧ್ಯಾಯಕ್ಕೇ ಪುಸ್ತಕ ಮುಚ್ಚುತ್ತಾರೆ. ನಮ್ಮಲ್ಲಿ ಅದಕ್ಕೆ ಒಪ್ಪುವ ವಸ್ತುವೊಂದಿದೆ, ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ಮೆಲ್ಲಗೆ ತುಂಬಿಕೊಂಡು ಇಪ್ಪತ್ತನಾಲ್ಕು ನಿಮಿಷಕ್ಕೆ ಮುಳುಗುತ್ತದೆ, ಅದು ಒಂದು ಗಳಿಗೆ. ಅರವತ್ತು ಗಳಿಗೆಗೆ ಒಂದು ದಿನ. ಮದುವೆಯ ಮುಹೂರ್ತಕ್ಕೂ ಗುಡಿಯ ಪೂಜೆಗೂ ಜನ ಹೊತ್ತು ಅಳೆಯುತ್ತಿದ್ದದ್ದು ಹೀಗೆ. ಬಟ್ಟಲು ಮುಳುಗುವವರೆಗೆ ಮಾತ್ರ ಆ ಕಾಲದಲ್ಲಿ ಇರಬಹುದು ಎಂಬ ಕಟ್ಟಳೆಯನ್ನು ಯಾರಾದರೂ ಇಟ್ಟುಕೊಂಡು ಬರೆದರೆ, ಪ್ರತಿ ಅಧ್ಯಾಯದಲ್ಲೂ ಮಕ್ಕಳು ಉಸಿರು ಬಿಗಿಹಿಡಿದು ಓದುತ್ತಾರೆ. ಯಂತ್ರದ ಗುಂಡಿ ಒತ್ತಿ ಹೋಗುವ ಕತೆಗಿಂತ ಇದು ನನಗೆ ಹೆಚ್ಚು ಇಷ್ಟ.

ಇನ್ನು, ಇಂಥ ಕಾದಂಬರಿಯಲ್ಲಿ ಸುಲಭದಲ್ಲಿ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯ ವಿಷಯ. ಕೆರೆ ಕಟ್ಟುವಾಗ ನೀರು ನಿಲ್ಲಲೆಂದು ಹೆಣ್ಣುಮಗಳೊಬ್ಬಳನ್ನು ಬಲಿಕೊಟ್ಟ ಕತೆ ನಮ್ಮ ನಾಡಿನ ಅನೇಕ ಊರುಗಳಲ್ಲಿದೆ. ಅಂಥದೊಂದು ಕತೆಯನ್ನು ಹೇಳಿ ಮುಗಿಸಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಾನು ಆ ಕಾಲಕ್ಕೆ ಹೋದರೆ ಅವಳನ್ನು ಬಿಡಿಸಿಕೊಂಡು ಬರಬಹುದಾ?" ಎಂದು ಕೇಳಿದಳು. ಪಕ್ಕದ ಹುಡುಗ, "ಬಿಡಿಸಿದರೆ ಕೆರೆ ಇರುತ್ತದಾ? ಕೆರೆ ಇಲ್ಲದಿದ್ದರೆ ಊರೇ ಇರುವುದಿಲ್ಲ, ಆಮೇಲೆ ನೀನು ಎಲ್ಲಿ ಹುಟ್ಟುತ್ತೀಯಾ?" ಎಂದ. ಹುಡುಗಿ ಸುಮ್ಮನಾಗಲಿಲ್ಲ. ಬಲಿ ಕೊಟ್ಟದ್ದರಿಂದ ಕೆರೆ ನಿಂತಿತು ಎಂದು ಹೇಳಿದವರು ಯಾರು, ಮಣ್ಣು ಹೊತ್ತವರು ಏರಿಯನ್ನು ಗಟ್ಟಿಯಾಗಿ ತುಳಿದದ್ದರಿಂದ ನಿಂತಿರಬಹುದಲ್ಲವೇ ಎಂದು ವಾದಿಸಿದಳು. ಕಾಲಯಾನದ ಸಾಹಿತ್ಯ ಹುಟ್ಟಿದಂದಿನಿಂದ ಅದರ ನಡುವೆ ನಿಂತಿರುವ ಪ್ರಶ್ನೆಯನ್ನು, ಅಂದರೆ ಹಿಂದಿನದನ್ನು ಬದಲಿಸಿದರೆ ಇಂದಿನದು ಏನಾಗುತ್ತದೆ ಎಂಬುದನ್ನು, ಆ ಇಬ್ಬರು ಮಕ್ಕಳು ನಮ್ಮ ಊರಿನ ಕೆರೆಯನ್ನಿಟ್ಟುಕೊಂಡೇ ಚರ್ಚಿಸಿದರು. ಅವರ ವಾದವನ್ನು ಮುಂದುವರಿಸುವ ಒಂದು ಪುಸ್ತಕವೂ ಅವರ ಕೈಗೆ ಕೊಡಲು ನನ್ನ ಕಪಾಟಿನಲ್ಲಿ ಇರಲಿಲ್ಲ.

ಹಾಗೆಯೇ, ಸಾವಿರ ವರ್ಷ ಹಿಂದಕ್ಕೆ ಹೋದ ಮಗು ಗುಡಿಯೊಳಗೆ ನಿಂತು ಶಿಲ್ಪ ನೋಡಿ ಬೆರಗಾಗುವ ದೃಶ್ಯವನ್ನು ಬರೆಯುವವರು, ಆ ಮಗು ಯಾರ ಮನೆಯದು ಎಂದು ಮೊದಲು ಕೇಳಿಕೊಳ್ಳಬೇಕು. ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು 2011ರ ಜನಗಣತಿಯ ಪ್ರಕಾರ ಶೇಕಡ 30ರಷ್ಟಿದೆ. ನನ್ನ ತರಗತಿಯ ಎಷ್ಟೋ ಮಕ್ಕಳನ್ನು ಆ ಗುಡಿಯ ಬಾಗಿಲಲ್ಲೇ ತಡೆಯುತ್ತಿದ್ದರು. ಅಗ್ರಹಾರದ ಓದು ಅವರಿಗೂ, ಬಹುಪಾಲು ಹೆಣ್ಣುಮಕ್ಕಳಿಗೂ ದಕ್ಕುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಹಿಂದಿನ ಕಾಲವೆಲ್ಲ ಬಂಗಾರ ಎಂದು ತೋರಿಸುವ ಪುಸ್ತಕವನ್ನು ನಾನು ನನ್ನ ಮಕ್ಕಳಿಗೆ ಕೊಡಲಾರೆ. ಹಾಗೆಂದು ಆ ಕಾಲವೆಲ್ಲ ಬರೀ ಕತ್ತಲೆ ಎನ್ನುವುದೂ ಸರಿಯಲ್ಲ. ಮೊಬೈಲು ಹಿಡಿದು ಹೋದ ಇಂದಿನ ಮಗು ಅಂದಿನವರಿಗೆಲ್ಲ ಬುದ್ಧಿ ಕಲಿಸಿ, ಕೈಕುಲುಕಿ ಬರುವ ಕತೆಗಳು ನನಗೆ ಹಿಡಿಸುವುದಿಲ್ಲ. ಅಲ್ಲಿ ಹೋದ ಮಗುವಿಗೆ ಈಜು ಬಾರದು, ಹಗ್ಗ ಹೊಸೆಯಲು ಬಾರದು, ನಕ್ಷತ್ರ ನೋಡಿ ಹೊತ್ತು ಹೇಳಲು ಬಾರದು. ನೀರು ಕಾಯಿಸಿ ಕುಡಿಯಿರಿ ಎಂದು ಅದು ಹೇಳಬಲ್ಲದು, ಏಕೆ ಎಂದು ಕೇಳಿದರೆ ಕಣ್ಣಿಗೆ ಕಾಣದ ಕ್ರಿಮಿಗಳನ್ನು ತೋರಿಸಲಾರದು. ಈ ಕೊಡುಕೊಳ್ಳುವಿಕೆ ಪ್ರಾಮಾಣಿಕವಾಗಿರಬೇಕು.

ಶತ್ರುಗಳನ್ನು ಹುಡುಕುವಾಗಲೂ ಎಚ್ಚರ ಬೇಕು. ಹನ್ನೊಂದನೇ ಶತಮಾನದ ಕೋಲಾರದ ಕತೆಯಲ್ಲಿ ಚೋಳರನ್ನೆಲ್ಲ ಕೇಡಿಗರನ್ನಾಗಿ, 1117ರ ಸುಮಾರಿಗೆ ಅವರನ್ನು ಹಿಮ್ಮೆಟ್ಟಿಸಿದ ವಿಷ್ಣುವರ್ಧನನ ಕಡೆಯವರನ್ನೆಲ್ಲ ಒಳ್ಳೆಯವರನ್ನಾಗಿ ಮಾಡುವುದು ತೀರಾ ಸುಲಭ. ತಮಿಳು ಮನೆಮಾತಿನ ಮಗುವೂ, ಮುಸ್ಲಿಂ ಮನೆಯ ಮಗುವೂ, ಕನ್ನಡದ ಮಗುವೂ ಒಂದೇ ಬೆಂಚಿನಲ್ಲಿ ಕೂತು ಓದುವ ತರಗತಿಗೆ ಅಂಥ ಪುಸ್ತಕ ಬಂದರೆ ಆಗುವ ನೋವನ್ನು ಶಿಕ್ಷಕರು ಬಲ್ಲರು. ಸೈನ್ಯ ಯಾರದ್ದೇ ಆಗಿರಲಿ, ಅದು ಬೆಳೆ ನಿಂತ ಹೊಲವನ್ನು ತುಳಿದುಕೊಂಡು ಹೋದಾಗ ರೈತನ ಮನೆಯವರಿಗೆ ಆಗುವುದೇನು ಎಂಬುದನ್ನು ಬರೆದರೆ ಸಾಕು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪತ್ರಿಕೆ ಇಂಥ ಒಂದು ಕಾದಂಬರಿಯನ್ನು ಲೇಖಕರಿಂದ ಬರೆಸಿ, ಶಾಲೆಗಳು ತೆರೆದಿರುವ ತಿಂಗಳುಗಳಲ್ಲಿ ವಾರಕ್ಕೊಂದು ಕಂತಿನಂತೆ ಪ್ರಕಟಿಸಬೇಕು. ಕಂತು ಭಾನುವಾರಕ್ಕಿಂತ ಶನಿವಾರ ಬಂದರೆ ಒಳ್ಳೆಯದು; ಅಂದು ಬೆಳಗಿನ ಶಾಲೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಬಹುದು, ಮನೆಗೆ ಪತ್ರಿಕೆ ತರಿಸಲಾಗದ ಮಕ್ಕಳಿಗೂ ಅದು ತಲುಪುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಪತ್ರಿಕೆ ಓದಲು ಬರುವ ಮಕ್ಕಳಿಗೂ ಅನುಕೂಲ. ಅಕ್ಷರಗಳು ಸ್ವಲ್ಪ ದೊಡ್ಡದಾಗಿರಲಿ. ಪ್ರತಿ ಕಂತಿನ ಜೊತೆಗೆ ಕತೆ ನಡೆಯುವ ಸ್ಥಳದ, ಅಂದರೆ ಆವಣಿಯ ಗುಡಿಯದೋ ಬೇತಮಂಗಲದ ಕೆರೆಯದೋ, ಒಂದು ಛಾಯಾಚಿತ್ರವೂ ಅಲ್ಲಿಗೆ ಹೋಗುವ ದಾರಿಯೂ ಇದ್ದರೆ, ಮಕ್ಕಳು ಮನೆಯವರನ್ನು ಕಾಡಿ ಕರೆದುಕೊಂಡು ಹೋಗುತ್ತಾರೆ. ಬರೆಯಲು ಮುಂದೆ ಬರುವ ಲೇಖಕರು ಈ ಕಡೆಯ ಊಟ, ಮಾತು, ಕೆರೆ, ಕಲ್ಲುಗಳನ್ನು ನೋಡಲು ಬಯಸಿದರೆ, ನಮ್ಮ ಶಾಲೆಯ ಮಕ್ಕಳು ತಮ್ಮ ತಮ್ಮ ಊರುಗಳಲ್ಲಿರುವ ವೀರಗಲ್ಲುಗಳ ಪಟ್ಟಿಯೊಂದನ್ನು ಈಗಾಗಲೇ ಬರೆಯಲು ಆರಂಭಿಸಿದ್ದಾರೆ; ಪತ್ರಿಕೆಯ ಮೂಲಕ ಕೇಳಿದರೆ ಸಂತೋಷದಿಂದ ಕಳುಹಿಸಿಕೊಡುತ್ತೇನೆ.

ಇಂತಿ,
ಕನ್ನಡ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ